ಏಳು ಎಚ್‌ಎಂಟಿ ವಾಚು, ಮೂರು ಹರಾಜು

ಜನವರಿ 7, 2024, ಭಾನುವಾರ

ಬೆಳಗಿನ ಜಾವವೇ ತುಮಕೂರು ಬಿಟ್ಟು ಬೆಂಗಳೂರಿನ ಚಿಕ್ಕಪೇಟೆಯ ಸಂಡೇ ಬಜಾರಿಗೆ ಹೋಗಿದ್ದೆ. ಗೋಣಿತಟ್ಟಿನ ಮೇಲೆ ಚಾರ್ಜರು, ನಲ್ಲಿ, ಹಳೇ ಬೀಗಗಳ ನಡುವೆ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಏಳು ಎಚ್‌ಎಂಟಿ ವಾಚು ಸಿಕ್ಕವು. ಒಂದೊಂದಕ್ಕೆ ಸಾವಿರ ಹೇಳಿದ. ಅರ್ಧ ಗಂಟೆ ಚೌಕಾಸಿ ಮಾಡಿದ ಮೇಲೆ ಏಳೂ ಸೇರಿ 4,200ಕ್ಕೆ ಇಳಿದ. ಅಂದರೆ ತಲಾ 600.

ಡಬ್ಬಿಯಲ್ಲಿದ್ದದ್ದು ಇಷ್ಟು: ಜನತಾ ಮೂರು, ಅದರಲ್ಲಿ ಒಂದರ ಡಯಲ್ ಮೇಲೆ ಹೆಸರು ಹಿಂದಿಯಲ್ಲಿದೆ. ಕಪ್ಪು ಡಯಲಿನ ಪೈಲಟ್ ಒಂದು. ಕೊಹಿನೂರ್ ಎರಡು, ಒಂದು ನೀಲಿ, ಒಂದು ಬೆಳ್ಳಿ ಬಣ್ಣ. ಕೊನೆಯದು ಕಾಂಚನ್, ಒಂದು ಕಾಲದಲ್ಲಿ ಮದುಮಗನ ಕೈಗೆ ಅದೇ ಬೇಕೆಂದು ಹಟ ಹಿಡಿಯುತ್ತಿದ್ದ ಆಟೋಮ್ಯಾಟಿಕ್, ಅಂದರೆ ಕೈ ಅಲುಗಿದಂತೆ ತಾನೇ ಕೀ ತುಂಬಿಕೊಳ್ಳುವ ವಾಚು. ನಡೆಯುತ್ತಿದ್ದದ್ದು ಎರಡು ಮಾತ್ರ.

ಇವನ್ನು ರಿಪೇರಿ ಮಾಡಿ ಈಬೇ ಎಂಬ ಆನ್‌ಲೈನ್ ಮಾರಾಟ ತಾಣದಲ್ಲಿ ಹರಾಜಿಗಿಡಬೇಕು, ಪ್ರತಿ ರೂಪಾಯಿಯನ್ನೂ ಪ್ರತಿ ಗಂಟೆಯನ್ನೂ ಬರೆದಿಡಬೇಕು ಎಂದು ತೀರ್ಮಾನಿಸಿದ್ದೇನೆ. ಕಳೆದ ವರ್ಷ ನಾಲ್ಕೈದು ಮಾರಿದ್ದೆ. ದುಡ್ಡು ಬಂದಂತೆ ಕಂಡಿತ್ತು, ಆದರೆ ಉಳಿದದ್ದೆಷ್ಟು ಎಂದು ಕೇಳಿದರೆ ನನ್ನಲ್ಲಿ ಉತ್ತರವಿರಲಿಲ್ಲ. ಈ ಸಲ ಉತ್ತರ ಬೇಕು.

ಈಬೇ ಇಂಡಿಯಾ ಎಂಬ ತಾಣ 2018ರ ಆಗಸ್ಟಿನಲ್ಲೇ ಮುಚ್ಚಿದೆ. ಈಗ ಇಲ್ಲಿಂದ ಮಾರುವುದೆಂದರೆ ಹೊರದೇಶಕ್ಕೆ ರಫ್ತು ಮಾಡುವುದು ಎಂದೇ ಅರ್ಥ. ಅದಕ್ಕೆ ಬೇಕಾದ ಐಇಸಿ ಸಂಖ್ಯೆಯನ್ನು (ಆಮದು, ರಫ್ತು ಮಾಡುವವರ ನೋಂದಣಿ) ಕೇಂದ್ರದ ವಿದೇಶ ವ್ಯಾಪಾರ ನಿರ್ದೇಶನಾಲಯವಾದ ಡಿಜಿಎಫ್‌ಟಿಯ ತಾಣದಲ್ಲಿ 500 ರೂಪಾಯಿ ಕಟ್ಟಿ ಮಾಡಿಸಿಕೊಂಡಿದ್ದೇನೆ. ವರ್ಷಕ್ಕೊಮ್ಮೆ ಏಪ್ರಿಲ್‌ನಿಂದ ಜೂನ್ ಒಳಗೆ ಅದರ ವಿವರ ಖಚಿತಪಡಿಸಬೇಕು, ಮರೆತರೆ ಸಂಖ್ಯೆ ನಿಷ್ಕ್ರಿಯವಾಗುತ್ತದೆ. ಜಿಎಸ್‌ಟಿ, ಮತ್ತು ತೆರಿಗೆ ಕಟ್ಟದೆ ರಫ್ತು ಮಾಡಲು ಬರೆದುಕೊಡುವ ಎಲ್‌ಯುಟಿ ಎಂಬ ಮುಚ್ಚಳಿಕೆಯ ಕೆಲಸ ಆಡಿಟರ್ ನೋಡಿಕೊಂಡರು. ಹಣ ಪೇಯೊನೀರ್ ಎಂಬ ಪಾವತಿ ಸಂಸ್ಥೆಯ ಮೂಲಕ ಬ್ಯಾಂಕಿಗೆ ಬರುತ್ತದೆ.

ಜನವರಿ 9

ಅಮ್ಮ ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆಯ ಅಸೆಂಬ್ಲಿಯಲ್ಲಿದ್ದವರು. ಜಪಾನಿನ ಸಿಟಿಜನ್ ಜೊತೆ ಸೇರಿ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ವಾಚ್ ಕಾರ್ಖಾನೆಯ ಮುಂದುವರಿಕೆ ನಮ್ಮೂರಿನದು. 2016ರಲ್ಲಿ ಅದು ಮುಚ್ಚಿತು. ಅಮ್ಮ ಅದಕ್ಕೂ ಮುಂಚೆಯೇ ವಿಆರ್‌ಎಸ್ ತಗೊಂಡಿದ್ದರು. ಇವತ್ತಿಗೂ ವಾಚು ಮುಟ್ಟುವ ಮುಂಚೆ ಕೈ ತೊಳೆದು, ಒರೆಸಿ, ಸೆರಗನ್ನು ಸೊಂಟಕ್ಕೆ ಬಿಗಿದುಕೊಳ್ಳುತ್ತಾರೆ. ಅವರು ಕೂರುವ ಮೇಜಿನ ಮೇಲೆ ನಾನು ಚಹಾ ಲೋಟ ಇಡುವಂತಿಲ್ಲ.

ಏಳನ್ನೂ ಬಿಳಿ ಬಟ್ಟೆಯ ಮೇಲೆ ಸಾಲಾಗಿಟ್ಟೆ. ಕಣ್ಣುಗಾಜು ಏರಿಸಿ ಒಂದೊಂದೇ ನೋಡುತ್ತಾ ಬಂದವರು ನೀಲಿ ಕೊಹಿನೂರಿಗೆ ನಿಂತರು.

"ಇದು ನಮ್ಮ ಕೈಯಿಂದ ಹೊರಟ ಡಯಲ್ ಅಲ್ಲ ಕಣೋ."

ಹೊಳಪು ಕಂಡು ನಾನು ಅದನ್ನೇ ಒಳ್ಳೆಯದೆಂದು ಎತ್ತಿಟ್ಟಿದ್ದೆ. ಗಾಜಿನಡಿ ನೋಡಿದರೆ ಅಕ್ಷರಗಳ ಅಂಚು ಹರಡಿದೆ, ನಿಮಿಷದ ಗೆರೆಗಳು ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು, ಲಾಂಛನ ಒಂಚೂರು ವಾಲಿದೆ. ಯಾರೋ ಹಳೇ ಡಯಲನ್ನು ಕೆರೆದು ಹೊಸ ಬಣ್ಣ ಹೊಡೆದಿದ್ದಾರೆ. ಎಚ್‌ಎಂಟಿ ಎಂದೂ ಮಾಡದ ಬಣ್ಣಗಳಲ್ಲಿ ಇಂಥವು ಈಬೇ ತುಂಬ ಇವೆ. ಹೊರದೇಶದ ಸಂಗ್ರಾಹಕರು ಇವಕ್ಕೆ 'ಮುಂಬೈ ಸ್ಪೆಷಲ್' ಎಂದು ಹೆಸರಿಟ್ಟು ದೂರ ಇಟ್ಟಿದ್ದಾರೆ. ಭಾರತದಿಂದ ಎಂದು ಕಂಡ ಕೂಡಲೇ ಅವರಿಗೆ ಬರುವ ಮೊದಲ ಅನುಮಾನ ಇದು. ನಮ್ಮೂರಲ್ಲಿ ಹುಟ್ಟಿದ ವಾಚನ್ನು ನಮ್ಮವರ ಕೈಯಿಂದ ಕೊಳ್ಳಲು ಜನ ಹೆದರುವಂತಾದದ್ದು ನನಗೆ ನಿಜವಾಗಿ ನೋವು ಕೊಡುವ ಸಂಗತಿ.

ನೀಲಿಯನ್ನು ಮಾರುವುದಿಲ್ಲ, ಅದರ ಯಂತ್ರ ಬೇರೆಯದಕ್ಕೆ ಬಿಡಿಭಾಗವಾಗಲಿ ಎಂದು ಎತ್ತಿಟ್ಟೆವು. ಕಾಂಚನ್‌ನ ತಾರೀಖಿನ ಚಕ್ರದ ಹಲ್ಲು ಮುರಿದಿದೆ, ಅದೂ ಪಕ್ಕಕ್ಕೆ. ಕೆಲಸಕ್ಕೆ ಉಳಿದದ್ದು ಐದು.

ಜನವರಿ 13ರಿಂದ 21

ಮೊದಲು ಇಂಗ್ಲಿಷ್ ಅಕ್ಷರದ ಜನತಾ. ಕೈಯಿಂದ ಕೀ ಕೊಡುವ ಯಂತ್ರ, 17 ಕಲ್ಲು (ಜುವೆಲ್, ಅಂದರೆ ಚಕ್ರದ ಮೊಳೆ ಕೂತು ತಿರುಗುವ ಬೇರಿಂಗ್), ಗಂಟೆಗೆ 18,000 ಬಡಿತ, ಅಂದರೆ ಸೆಕೆಂಡಿಗೆ ಐದು ಟಿಕ್. ಹಿಂದಿನ ಮುಚ್ಚಳ ಒತ್ತಿ ಕೂರಿಸುವ ಬಗೆಯದು. ಅಂಚಿನಲ್ಲಿರುವ ಸಣ್ಣ ಸಂದಿಗೆ ಅಲಗು ಕೊಟ್ಟು ತಿರುಚಿದರೆ ಬಿಡುತ್ತದೆ.

ಯಂತ್ರ ಹೊರತೆಗೆದು ಮೊದಲು ಸ್ಪ್ರಿಂಗಿನ ಬಿಗಿ ಪೂರ್ತಿ ಇಳಿಸಿದೆ. ಕೀ ಉಳಿದಿರುವಾಗಲೇ, ಚಕ್ರಗಳನ್ನು ತಡೆದು ತಡೆದು ಬಿಡುವ ಪ್ಯಾಲೆಟ್ ಫೋರ್ಕ್ ಎತ್ತಿದರೆ ಚಕ್ರಗಳೆಲ್ಲ ಒಮ್ಮೆಲೇ ಸುಯ್ಯೆಂದು ತಿರುಗಿ ಹಲ್ಲು ಹೋಗುತ್ತದೆ. ಆಮೇಲೆ ಅತ್ತಿತ್ತ ತೂಗುವ ಬ್ಯಾಲೆನ್ಸ್ ಚಕ್ರ, ಪ್ಯಾಲೆಟ್ ಫೋರ್ಕ್, ಚಕ್ರಗಳನ್ನು ಮೇಲಿಂದ ಹಿಡಿದಿಡುವ ಸೇತುವೆ, ಚಕ್ರಗಳು, ಸ್ಪ್ರಿಂಗ್ ಕೂರುವ ಬ್ಯಾರಲ್. ಬಿಚ್ಚುವಾಗ ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಒಂದು ಫೋಟೋ. ಜೋಡಿಸುವಾಗ ಅದೇ ಫೋಟೋಗಳನ್ನು ಹಿಂದುಮುಂದಾಗಿ ನೋಡುತ್ತಾ ಹೋಗುವುದು.

ಚಕ್ರ, ಸೇತುವೆಗಳನ್ನು ಬಿಳಿ ಪೆಟ್ರೋಲಿನಲ್ಲಿ ನೆನೆಸಿ, ಕನ್ನಡಕ ತೊಳೆಯುವ ಸಣ್ಣ ಅಲ್ಟ್ರಾಸಾನಿಕ್ ಡಬ್ಬಿಯಲ್ಲಿ ಐದು ನಿಮಿಷ ಇಟ್ಟೆ. ಪ್ಯಾಲೆಟ್ ಫೋರ್ಕನ್ನು ಮಾತ್ರ ಸ್ಪಿರಿಟ್‌ಗೆ ಹಾಕಬಾರದು, ಅದರ ಎರಡು ಕಲ್ಲು ನಿಂತಿರುವುದು ಅರಗಿನ ಮೇಲೆ. ಸ್ಪಿರಿಟ್ ಅರಗನ್ನು ಕರಗಿಸುತ್ತದೆ. ಕಲ್ಲಿನ ತೂತುಗಳನ್ನು ಚೂಪು ಮಾಡಿದ ಕಡ್ಡಿಯಿಂದ ತಿರುವಿ ತಿರುವಿ, ಕಡ್ಡಿ ಬೆಳ್ಳಗೆ ಹೊರಬರುವ ತನಕ ಉಜ್ಜಿದೆ. ಇದು ಬೇಸರದ ಕೆಲಸ. ಆದರೆ ಒಣಗಿ ಅಂಟಾದ ಹಳೇ ಎಣ್ಣೆ ಉಳಿದರೆ ಮುಂದೆ ಮಾಡುವುದೆಲ್ಲ ದಂಡ.

ಎಣ್ಣೆಯ ವಿಷಯದಲ್ಲಿ ಅಮ್ಮನದು ಒಂದೇ ಮಾತು: "ಕಮ್ಮಿ ಹಾಕು." ಮೋಬಿಯಸ್ 9010 ಎಂಬ ತೆಳು ಎಣ್ಣೆ ಸಣ್ಣ ಚಕ್ರಗಳ ಕಲ್ಲಿಗೆ, ಕಲ್ಲಿನ ಬಟ್ಟಲು ತುಂಬದಂತೆ. ಬ್ಯಾರಲ್ ಕಡೆಗೆ ದಪ್ಪ ಎಣ್ಣೆ. ಪ್ಯಾಲೆಟ್ ಫೋರ್ಕ್‌ನ ಮೊಳೆಗಳಿಗೆ ಒಂದು ತೊಟ್ಟೂ ಇಲ್ಲ. ಗಾಜು ಅಂದರೆ ಅಕ್ರಿಲಿಕ್, ಬ್ರಾಸೊ ಹಾಕಿ ಹತ್ತಿಬಟ್ಟೆಯಿಂದ ಹದಿನೈದು ನಿಮಿಷ ಉಜ್ಜಿದರೆ ಗೀರು ಮಾಯ.

ಒಟ್ಟು ಆರು ಗಂಟೆ. ಬೆಲ್ಟು, ಸ್ಪ್ರಿಂಗ್ ಸೇರಿ ಸಾಮಾನಿಗೆ 250.

ಜನವರಿ 23, ಮಂಗಳವಾರ

ಕೆಲಸ ಮುಗಿದ ಉತ್ಸಾಹದಲ್ಲಿ ರಾತ್ರಿ ಹತ್ತಕ್ಕೆ ಜನತಾವನ್ನು ಹರಾಜಿಗಿಟ್ಟೆ. ಏಳು ದಿನ, ಶುರು ಬೆಲೆ 9.99 ಡಾಲರ್. ಕಡಿಮೆಗೆ ಶುರು ಮಾಡಿದರೆ ಜನ ಮುತ್ತುತ್ತಾರೆ ಎಂಬ ನಂಬಿಕೆ. ಅಂಚೆಗೆಂದು ಬೇರೆ 9 ಡಾಲರ್. ಶೀರ್ಷಿಕೆಯಲ್ಲಿ 'ಸುಂದರ ಹಳೆಯ ಭಾರತೀಯ ಕೈಗಡಿಯಾರ' ಎಂಬರ್ಥ ಬರುವಂತೆ ಬರೆದೆ. ಫೋಟೋ ನಾಲ್ಕು.

ಜನವರಿ 30

9.99ಕ್ಕೇ ಹೋಯಿತು. ಒಬ್ಬನೇ ಒಬ್ಬ ಸವಾಲು ಹಾಕಿದ್ದ.

ಅಂಚೆ ಸೇರಿ ಬಂದದ್ದು 18.99 ಡಾಲರ್. ಈಬೇ ಕಮಿಷನ್ ಹಿಡಿಯುವುದು ವಾಚಿನ ಬೆಲೆಯ ಮೇಲೆ ಮಾತ್ರವಲ್ಲ, ಅಂಚೆ ಖರ್ಚೂ ಸೇರಿದ ಮೊತ್ತದ ಮೇಲೆ. ಅದು ಹೋಗಿ, ಡಾಲರನ್ನು ರೂಪಾಯಿ ಮಾಡುವ ಖರ್ಚೂ ಹೋಗಿ, 83ರ ದರದಲ್ಲಿ ಕೈಗೆ ಬಂದದ್ದು ಸುಮಾರು 1,278. ಪೆಟ್ಟಿಗೆ, ಅಂಚೆ 700. ವಾಚು 600. ಸಾಮಾನು 250. ಅಂದರೆ 272 ರೂಪಾಯಿ ನಷ್ಟ. ಆರು ಗಂಟೆಯ ದುಡಿಮೆ ಇದರಲ್ಲಿ ಸೇರಿಲ್ಲ.

ಆ ರಾತ್ರಿ ಊಟದ ಹೊತ್ತಿಗೆ ದೊಡ್ಡಪ್ಪ ಬಂದಿದ್ದರು. ನಮ್ಮ ಕಡೆ ಈಗ ಹುಣಸೆಹಣ್ಣಿನ ಸುಗ್ಗಿ. ಎಪಿಎಂಸಿ ಯಾರ್ಡಿಗೆ ಮೂಟೆ ಹಾಕಿ ಬಂದಿದ್ದರು. ನನ್ನ ಲೆಕ್ಕ ಕೇಳಿ ಅವರು ಅಂದದ್ದನ್ನು ಹಾಗೇ ಬರೆದಿಡುತ್ತೇನೆ: "ಹಣ್ಣು ಚೆನ್ನಾಗಿದ್ರೆ ರೇಟು ಬರಲ್ಲ ಮಗ. ಚೆನ್ನಾಗಿರೋ ಹಣ್ಣಿನ ಮುಂದೆ ಇಬ್ರು ಸಾಹುಕಾರ್ರು ನಿಂತ್ರೆ ಬರುತ್ತೆ. ಒಬ್ಬನೇ ನಿಂತ್ರೆ ಅವನು ಹೇಳಿದ್ದೇ ರೇಟು."

ಈಬೇ ಹರಾಜಿನ ಒಳಲೆಕ್ಕವೂ ಅಕ್ಷರಶಃ ಇದೇ. ಕೊಳ್ಳುವವನು ತಾನು ಕೊಡಬಲ್ಲ ಗರಿಷ್ಠ ಬೆಲೆಯನ್ನು ಗುಟ್ಟಾಗಿ ನಮೂದಿಸುತ್ತಾನೆ. ತಾಣ ಅವನ ಪರವಾಗಿ ಬೇಕಾದಷ್ಟೇ ಏರಿಸುತ್ತಾ ಹೋಗುತ್ತದೆ. ಕೊನೆಗೆ ಗೆದ್ದವನು ಕೊಡುವುದು ತನ್ನ ಗರಿಷ್ಠವನ್ನಲ್ಲ, ಎರಡನೆಯವನ ಗರಿಷ್ಠಕ್ಕಿಂತ ಒಂದು ಮೆಟ್ಟಿಲು ಹೆಚ್ಚಿಗೆ. ನನ್ನ ಜನತಾಗೆ ಆ ಒಬ್ಬ 50 ಡಾಲರ್ ಬರೆದಿದ್ದರೂ ಎರಡನೆಯವನಿಲ್ಲದೆ ನನಗೆ ಸಿಗುವುದು 9.99 ಮಾತ್ರ. ಹಾಗಾದರೆ ಬೆಲೆ ಕಟ್ಟುವವನು ಗೆದ್ದವನಲ್ಲ, ಸೋತವನು. ರಿಪೇರಿ, ಫೋಟೋ, ಶೀರ್ಷಿಕೆ, ಮುಗಿಯುವ ಹೊತ್ತು, ಎಲ್ಲವೂ ಆ ಸೋಲುವವನನ್ನು ಕರೆತರುವ ಕೆಲಸ.

ನಾನು ಅವನನ್ನು ಹೇಗೆ ತಪ್ಪಿಸಿಕೊಂಡೆ ಎಂದು ಕೂತು ನೋಡಿದೆ. ಹರಾಜು ಮುಗಿದದ್ದು ನಮ್ಮ ಮಂಗಳವಾರ ರಾತ್ರಿ ಹತ್ತು. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಆಗ ಮಂಗಳವಾರ ಬೆಳಿಗ್ಗೆ ಎಂಟೂವರೆ, ಪೂರ್ವದಲ್ಲಿ ಹನ್ನೊಂದೂವರೆ. ಜನ ಕೆಲಸದಲ್ಲಿರುವ ಹೊತ್ತು. ಇನ್ನು ಶೀರ್ಷಿಕೆಯಲ್ಲಿ 'ಸುಂದರ' ಎಂಬ ಪದವನ್ನು ಹುಡುಕುಪೆಟ್ಟಿಗೆಯಲ್ಲಿ ಯಾರು ಬರೆಯುತ್ತಾರೆ? ಸಂಗ್ರಾಹಕರು ಹುಡುಕುವುದು ಎಚ್‌ಎಂಟಿ, ಜನತಾ, 17 ಜುವೆಲ್ಸ್, ಹ್ಯಾಂಡ್ ವೈಂಡಿಂಗ್, ಒರಿಜಿನಲ್ ಡಯಲ್. ಶೀರ್ಷಿಕೆಗೆ 80 ಅಕ್ಷರದ ಜಾಗವಿದೆ. ನಾನು ಅದನ್ನು ಹೊಗಳಿಕೆಗೆ ಖರ್ಚು ಮಾಡಿದ್ದೆ.

ಫೆಬ್ರವರಿ 1

ಬೆಲೆ ಹುಡುಕುವ ಕ್ರಮವನ್ನೂ ಬದಲಿಸಿದೆ. ಇಷ್ಟು ದಿನ ಬೇರೆಯವರು ಕೇಳುತ್ತಿರುವ ಬೆಲೆ ನೋಡುತ್ತಿದ್ದೆ. ಕೇಳುವುದಕ್ಕೆ ಯಾರ ಅಡ್ಡಿಯೂ ಇಲ್ಲ, ವರ್ಷಗಟ್ಟಲೆ ಹಾಗೇ ಬಿದ್ದಿರುತ್ತವೆ. ನೋಡಬೇಕಾದದ್ದು 'ಸೋಲ್ಡ್ ಐಟಮ್ಸ್' ಎಂಬ ಆಯ್ಕೆ ಒತ್ತಿದರೆ ಹಸಿರಿನಲ್ಲಿ ಕಾಣುವ, ನಿಜವಾಗಿ ಹೋದ ಬೆಲೆಗಳನ್ನು. ಎರಡು ಸಂಜೆ ಕೂತು ಜನತಾ, ಪೈಲಟ್, ಕೊಹಿನೂರ್ ಮೂರನ್ನೂ ಬೇರೆ ಬೇರೆ ಪಟ್ಟಿ ಮಾಡಿದೆ. ಬಣ್ಣ ಬಳಿದವು ಒಂದು ಬೆಲೆಗೆ, ಡಯಲ್ ಅಸಲಿ ಎಂದು ಮಾರುವವನು ತೋರಿಸಿಕೊಟ್ಟವು ಅದರ ಎರಡರಷ್ಟಕ್ಕೆ ಹೋಗಿವೆ. ಡಯಲ್ ಮಾಸಿದ್ದರೂ ಅಸಲಿಗೇ ಹೆಚ್ಚು.

ತಳದ ಲೆಕ್ಕ ಹೀಗೆ ಹಾಕಿದೆ. ವಾಚು 600, ಸಾಮಾನು 250, ಅಂಚೆ 700, ಒಟ್ಟು 1,550. ಡಾಲರಿನಲ್ಲಿ ಸುಮಾರು 18.70. ಗ್ರಾಹಕ ಕೊಟ್ಟ ನೂರರಲ್ಲಿ ನನ್ನ ಕೈಗೆ 82ರಷ್ಟು ಉಳಿಯುವುದರಿಂದ ಅವನಿಂದ 22.80 ಬರಬೇಕು. ಅಂಚೆಯ 9 ಕಳೆದರೆ 13.80. ಅಂದರೆ 14 ಡಾಲರಿಗಿಂತ ಕೆಳಗೆ ಶುರು ಮಾಡಿದರೆ, ಒಬ್ಬನೇ ಬಂದ ದಿನ ನಾನು ಜೇಬಿನಿಂದ ಕೊಡುತ್ತೇನೆ. ಗಂಟೆಗೆ 200ರಂತೆ ಆರು ಗಂಟೆಯ ಕೂಲಿ ಸೇರಿಸಿದರೆ ಅದೇ ತಳ 31 ಡಾಲರಿಗೆ ಏರುತ್ತದೆ. ಸಾಮಾನ್ಯ ಜನತಾಗೆ ಅಷ್ಟು ಬರುವುದಿಲ್ಲ. ಆದ್ದರಿಂದ ಸಾಮಾನ್ಯ ಜನತಾಗೆ ಆರು ಗಂಟೆ ಕೊಡುವಂತಿಲ್ಲ. ಇದು ಕಹಿ, ಆದರೆ ಕಾಗದದ ಮೇಲೆ ಕಣ್ಣಿಗೆ ಹೊಡೆಯುವಷ್ಟು ಸ್ಪಷ್ಟವಾಗಿತ್ತು.

ಫೆಬ್ರವರಿ 2ರಿಂದ 4

ಪೈಲಟ್ ಮತ್ತು ಹಿಂದಿ ಜನತಾವನ್ನು ಜೊತೆಯಲ್ಲೇ ಮಾಡಿದೆ. ತೊಳೆಯುವುದು, ಒಣಗಿಸುವುದು ಒಟ್ಟಿಗೆ. ಭಾಗಗಳು ಬೆರೆಯದಂತೆ ಬೇರೆ ಬೇರೆ ಮುಚ್ಚಳದ ಡಬ್ಬಿ. ಜನತಾಗೆ ಐದು ಗಂಟೆ ಹಿಡಿಯಿತು.

ಪೈಲಟ್‌ಗೆ ಏಳು. ಮೇನ್ ಸ್ಪ್ರಿಂಗ್ ತುಂಡಾಗಿತ್ತು, ಗಾಜು ಬಿರಿದಿತ್ತು. ಎರಡನ್ನೂ ಚಿಕ್ಕಪೇಟೆಯಿಂದಲೇ ತಂದೆ. ಕಷ್ಟ ಬಂದದ್ದು ಡಯಲಿನಲ್ಲಿ. ಕಪ್ಪು ಮೇಲ್ಮೈ ಮೇಲೆ ಸಣ್ಣ ಸಣ್ಣ ಕಲೆ, ಅಂಕಿಗಳ ಮೇಲಿನ ಹೊಳೆಯುವ ಪುಡಿ ಕಂದಿದೆ. ಒರೆಸೋಣವೆಂದು ಕೈ ತುರಿಸುತ್ತಿತ್ತು.

ಒರೆಸಲಿಲ್ಲ, ಯಾಕೆಂದರೆ ಅದರ ಹಿಂದಿನ ಸಂಜೆಯೇ ಬೆಳ್ಳಿ ಕೊಹಿನೂರಿನ ಡಯಲ್ ಮೇಲೆ ನೀರು ಮುಟ್ಟಿಸಿದ ಹತ್ತಿಕಡ್ಡಿ ಆಡಿಸಿದ್ದೆ. ಎರಡೇ ಸಲ. ಕಲೆ ಹಾಗೇ ಉಳಿದು, ನಾಲ್ಕರಿಂದ ಏಳರವರೆಗಿನ ನಿಮಿಷದ ಗೆರೆಗಳು ಹತ್ತಿಗೆ ಅಂಟಿ ಬಂದವು. ಐವತ್ತು ವರ್ಷ ಬಾಳಿದ ಅಚ್ಚು ನನ್ನ ಕೈಯಲ್ಲಿ ಎರಡು ಸೆಕೆಂಡಿನಲ್ಲಿ ಹೋಯಿತು. ಅಮ್ಮ ಬೈಯಲಿಲ್ಲ. ಹತ್ತಿಕಡ್ಡಿಯನ್ನು ಬೆಳಕಿಗೆ ಹಿಡಿದು ನೋಡಿ, "ಡಯಲ್ ಅಚ್ಚು ಹಾಕೋ ವಿಭಾಗ ಬೇರೆನೇ ಇತ್ತು, ನಾವು ಅಂಚು ಹಿಡಿದೇ ಎತ್ತಬೇಕಿತ್ತು, ಮುಖ ಮುಟ್ಟೋ ಹಾಗಿರಲಿಲ್ಲ" ಎಂದಷ್ಟೇ ಅಂದರು. ಈಗ ಡಯಲಿಗೆ ಗಾಳಿಬುರುಡೆಯ ಗಾಳಿ ಮಾತ್ರ.

ಜೋಡಿಸಿದ ಮೇಲೆ, ಟಿಕ್ ಸದ್ದು ಕೇಳಿ ವಾಚಿನ ನಡಿಗೆ ಅಳೆಯುವ ಟೈಮ್‌ಗ್ರಾಫರ್ ಮೇಲಿಟ್ಟೆ. ಪೈಲಟ್‌ಗೆ ಡಯಲ್ ಮೇಲಾಗಿ ಬ್ಯಾಲೆನ್ಸಿನ ತೂಗಾಟ 265 ಡಿಗ್ರಿ, ದಿನಕ್ಕೆ 8 ಸೆಕೆಂಡ್ ಮುಂದೆ, ಬೀಟ್ ಎರರ್, ಅಂದರೆ ಟಿಕ್ ಮತ್ತು ಟಾಕ್ ನಡುವಿನ ಏರುಪೇರು, 0.6 ಮಿಲಿಸೆಕೆಂಡ್. ಹಳೇ ವಾಚಿಗೆ ಇದು ತುಂಬಾ ಒಳ್ಳೆಯ ಅಂಕಿ. ಪರದೆಯ ಫೋಟೋವನ್ನೂ ಹಾಕಲು ಇಟ್ಟುಕೊಂಡೆ.

ಫೋಟೋಗಳಿಗೆ ಬೆಳಿಗ್ಗೆ ಹತ್ತರ ಹೊತ್ತಿಗೆ ಉತ್ತರದ ಕಿಟಕಿ, ಕಿಟಕಿಗೆ ಹಳೇ ಬಿಳಿ ಪಂಚೆ. ಒಂದೊಂದಕ್ಕೆ ಹದಿನೆಂಟು ಫೋಟೋ: ಮುಂದೆ, ಹಿಂದೆ, ನಾಲ್ಕೂ ಬದಿ, ಮುಚ್ಚಳದ ಒಳಗು, ಯಂತ್ರ, ಬಿಚ್ಚಿದ ಡಯಲಿನ ಮುಂಭಾಗ ಮತ್ತು ಬೆನ್ನು. ಉಳಿದವು ಬರೀ ಕುಂದುಗಳು. ಕಪ್ಪಿನ ಮೇಲಿನ ಪ್ರತಿ ಕಲೆಯನ್ನೂ ಹತ್ತಿರದಿಂದ ತೆಗೆದೆ. ವಿವರಣೆಯ ಮೊದಲ ಸಾಲಿನಲ್ಲೇ ಕಲೆಗಳಿವೆ, ಡಯಲ್ ಮುಟ್ಟಿಲ್ಲ, ಗಾಜು, ಬೆಲ್ಟು ಮತ್ತು ಮೇನ್ ಸ್ಪ್ರಿಂಗ್ ಹೊಸವು ಎಂದು ಬರೆದೆ. ನೀರು ತಡೆಯುವುದಿಲ್ಲ ಎಂದೂ ಬರೆದೆ.

ಫೆಬ್ರವರಿ 5, ಸೋಮವಾರ

ಎರಡೂ ಬೆಳಿಗ್ಗೆ ಏಳೂವರೆಗೆ ಸರಿಯಾಗಿ ಶುರುವಾಗುವಂತೆ ಮೊದಲೇ ಸಮಯ ನಿಗದಿ ಮಾಡಿದ್ದೆ. ಏಳು ದಿನದ ಹರಾಜು ಯಾವ ಹೊತ್ತಿಗೆ ಶುರುವಾಗುತ್ತದೋ ಅದೇ ಹೊತ್ತಿಗೆ ಮುಗಿಯುತ್ತದೆ. ನಮ್ಮ ಸೋಮವಾರ ಬೆಳಗಿನ ಏಳೂವರೆ ಎಂದರೆ ಕ್ಯಾಲಿಫೋರ್ನಿಯಾದಲ್ಲಿ ಭಾನುವಾರ ಸಂಜೆ ಆರು, ನ್ಯೂಯಾರ್ಕಿನಲ್ಲಿ ರಾತ್ರಿ ಒಂಬತ್ತು. ಎರಡೂ ಕಡೆಯವರು ಮನೆಯಲ್ಲಿರುವ ಹೊತ್ತು. ಶುರು ಬೆಲೆ ಎರಡಕ್ಕೂ 14.99.

ಫೆಬ್ರವರಿ 8

ಹಿಂದಿ ಜನತಾಗೆ ಇಬ್ಬರು, ಪೈಲಟ್‌ಗೆ ಮೂವರು. ಬೆಲೆ ಇನ್ನೂ ಇಪ್ಪತ್ತರ ಆಸುಪಾಸು. ಒಬ್ಬರು ಪೈಲಟ್ ಡಯಲಿನ ಬೆನ್ನನ್ನು ಇನ್ನೂ ಹತ್ತಿರದಿಂದ ತೋರಿಸಿ ಎಂದು ಕೇಳಿದರು. ಅರ್ಧ ಗಂಟೆಯಲ್ಲಿ ಕಳಿಸಿದೆ. ಇಂಥ ಪ್ರಶ್ನೆ ಬಂದರೆ ಖುಷಿಪಡಬೇಕು, ಕೇಳುವವನು ದೊಡ್ಡ ಸಂಖ್ಯೆ ಬರೆಯಲು ಧೈರ್ಯ ಹುಡುಕುತ್ತಿದ್ದಾನೆ.

ಸಂಜೆ ಭಾಮೈದ ಫೋನ್ ಮಾಡಿದ್ದ. "ಭಾವ, ನಾನೂ ಒಂದು ಅಕೌಂಟ್ ಮಾಡ್ಕೊಂಡು ಬಿಡ್ ಹಾಕ್ಲಾ? ಇಬ್ರು ಬೇಕು ಅಂತೀರಲ್ಲ." ಪ್ರೀತಿಯಿಂದಲೇ ಕೇಳಿದ. ಬೇಡ ಅಂದೆ. ಮಾರುವವನ ಕಡೆಯವರು ಸುಳ್ಳು ಸವಾಲು ಹಾಕುವುದನ್ನು ತಾಣ ನಿಷೇಧಿಸಿದೆ, ಸಿಕ್ಕರೆ ಖಾತೆ ಹೋಗುತ್ತದೆ. ಅದಕ್ಕಿಂತ ಮುಖ್ಯ, ದೂರದಲ್ಲಿ ಕೂತು ನನ್ನ ಫೋಟೋ ನಂಬಿ ಸಂಖ್ಯೆ ಬರೆದವನ ಜೇಬಿಗೆ ಅದು ನಾನೇ ಕೈ ಹಾಕಿದಂತೆ. ಎರಡನೆಯವನು ನಿಜವಾದ ಎರಡನೆಯವನೇ ಆಗಿರಬೇಕು.

ಫೆಬ್ರವರಿ 12, ಸೋಮವಾರ

ಏಳು ಇಪ್ಪತ್ತೈದಕ್ಕೆ ಅಮ್ಮ, ನಾನು ಇಬ್ಬರೂ ಪರದೆ ಮುಂದೆ. ಜನತಾ 27, ಪೈಲಟ್ 38. ಕೊನೆಯ ಒಂದು ನಿಮಿಷದಲ್ಲಿ ಎಲ್ಲ ನಡೆಯಿತು. ಅನುಭವಸ್ಥರು ಕೊನೆಯ ಕೆಲವೇ ಸೆಕೆಂಡಿನಲ್ಲಿ ಸಂಖ್ಯೆ ಹಾಕುತ್ತಾರೆ, ಬೇರೆಯವರಿಗೆ ಏರಿಸಲು ಸಮಯ ಸಿಗದಂತೆ. ಜನತಾ 46ಕ್ಕೆ ನಿಂತಿತು. ಪೈಲಟ್ 61.

25ರಿಂದ 100 ಡಾಲರ್ ನಡುವೆ ಮೆಟ್ಟಿಲು ಒಂದು ಡಾಲರಿನದು. ಅಂದರೆ ಜನತಾದಲ್ಲಿ ಸೋತವನು 45 ಬರೆದಿದ್ದ. ಗೆದ್ದವನು ಎಷ್ಟು ಬರೆದಿದ್ದನೋ ನನಗೆ ಗೊತ್ತಾಗುವುದಿಲ್ಲ.

ಲೆಕ್ಕ: ಪೈಲಟ್‌ಗೆ ಅಂಚೆ ಸೇರಿ 70 ಡಾಲರ್, ಕೈಗೆ 4,855. ಅಂಚೆ 700, ವಾಚು 600, ಸಾಮಾನು 450 ಕಳೆದು ಉಳಿದದ್ದು 3,105. ಜನತಾದಲ್ಲಿ ಇದೇ ಕ್ರಮದಲ್ಲಿ 2,239.

ಫೆಬ್ರವರಿ 13

ಪ್ಯಾಕಿಂಗ್. ಕೀ ಕೊಡುವ ಗುಂಡಿಯನ್ನು (ಕ್ರೌನ್) ಎಳೆದಿಟ್ಟರೆ ಧೂಳು ಒಳಹೋಗುತ್ತದೆ, ಒತ್ತಿಯೇ ಇಡಬೇಕು. ಕೀ ಇಳಿದಿರಬೇಕು. ಮೆದು ಬಟ್ಟೆ, ಬಬಲ್ ಹಾಳೆ, ಗಟ್ಟಿ ಪ್ಲಾಸ್ಟಿಕ್ ಡಬ್ಬಿ, ಅದರ ಹೊರಗೆ ರಟ್ಟಿನ ಪೆಟ್ಟಿಗೆ. ಅಲುಗಾಡಿಸಿದರೆ ಸದ್ದು ಬರಬಾರದು.

ಅಂಚೆ ಮೂಲಕ ರಫ್ತು ಮಾಡುವವರಿಗೆಂದು ಇಲಾಖೆ ನಡೆಸುವ ಡಾಕ್ ಘರ್ ನಿರ್ಯಾತ್ ಕೇಂದ್ರದ ತಾಣದಲ್ಲಿ ಅಂಚೆ ರಫ್ತಿನ ಬಿಲ್ ತುಂಬಿ, ಮುದ್ರಿಸಿ, ಪ್ರಧಾನ ಅಂಚೆ ಕಚೇರಿಯಲ್ಲಿ ಕೊಟ್ಟೆ. ಸರಕಿನ ಬಗೆ ಹೇಳುವ ಎಚ್‌ಎಸ್ ಕೋಡ್ 9102 29: ಬೆಲೆಬಾಳುವ ಲೋಹದ್ದಲ್ಲದ, ಆಟೋಮ್ಯಾಟಿಕ್ ಅಲ್ಲದ, ಯಾಂತ್ರಿಕ ಕೈಗಡಿಯಾರ. ಕೌಂಟರಿನಲ್ಲಿ ಬ್ಯಾಟರಿ ಇದೆಯೇ ಎಂದು ಕೇಳುತ್ತಾರೆ. ಕೀ ವಾಚಿಗೆ ಆ ತೊಡಕಿಲ್ಲ.

ಕೊಂಡ ಒಬ್ಬರು ಗಿಫ್ಟ್ ಎಂದು ಬರೆದು ಬೆಲೆ 10 ಡಾಲರ್ ತೋರಿಸಲು ಕೇಳಿದ್ದರು. ಆಗುವುದಿಲ್ಲ ಎಂದು ವಿನಯದಿಂದ ಬರೆದೆ. ಬಿಲ್ಲಿನಲ್ಲಿ ಒಂದು ಬೆಲೆ, ಬ್ಯಾಂಕಿಗೆ ಇನ್ನೊಂದು ಬೆಲೆ ಬಂದರೆ ರಫ್ತಿನ ದಾಖಲೆ ಹೊಂದುವುದಿಲ್ಲ. ಪಾರ್ಸೆಲ್ ಕಳೆದುಹೋದರೆ ಪರಿಹಾರವೂ ಹತ್ತೇ ಡಾಲರಿಗೆ.

ಅಲ್ಲೇ ಸಾಲಿನಲ್ಲಿದ್ದ ಒಬ್ಬರು ತಮ್ಮ ತಾತನ ಕಾಲದ ನಾಣ್ಯಗಳನ್ನು ಹೀಗೇ ಮಾರಬಹುದೇ ಎಂದು ವಿಚಾರಿಸಿದರು. ನೂರು ವರ್ಷ ದಾಟಿದ ನಾಣ್ಯ 1972ರ ಪ್ರಾಚ್ಯವಸ್ತು ಕಾಯ್ದೆಯಡಿ ಬರುತ್ತದೆ, ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ಎಚ್‌ಎಂಟಿಗೆ ಆ ವಯಸ್ಸು ಆಗಿಲ್ಲ.

ಮಾರ್ಚ್ 2ರಿಂದ 9

ಮೂರನೇ ಜನತಾ ಯಾವಾಗಲೋ ಕೆಳಗೆ ಬಿದ್ದಿದೆ. ಡಯಲ್ ಮೇಲೆ 'ಪ್ಯಾರಾ ಶಾಕ್' (ಏಟು ತಡೆಯುವ ವ್ಯವಸ್ಥೆ) ಎಂದಿದ್ದರೂ ಬ್ಯಾಲೆನ್ಸಿನ ಮೊಳೆ ಮುರಿದಿದೆ. ನೀಲಿ ಕೊಹಿನೂರಿನಲ್ಲೂ ಅದೇ ಕೈಚಾವಿ ಯಂತ್ರ. ಅದರ ಬ್ಯಾಲೆನ್ಸನ್ನು ಸೇತುವೆ ಸಮೇತ ತೆಗೆದು ಇದಕ್ಕೆ ಕೂರಿಸಿದೆ. ನಡೆಯಿತು, ಆದರೆ ಟಿಕ್ ಒಂದು ಉದ್ದ ಒಂದು ಗಿಡ್ಡ, ಬೀಟ್ ಎರರ್ 3.8. ಬ್ಯಾಲೆನ್ಸನ್ನು ತೂಗಿಸುವ ಸಣ್ಣ ಸುರುಳಿ, ಅಂದರೆ ಹೇರ್ ಸ್ಪ್ರಿಂಗಿನ ನಡುವಿನ ಸಣ್ಣ ಉಂಗುರವನ್ನು ಕೂದಲೆಳೆಯಷ್ಟು ತಿರುಗಿಸಬೇಕು. ನನ್ನ ಕೈ ಅದಕ್ಕೆ ಬಾರದು. ಅಮ್ಮ ಕೂತರು. ಚಿಮಟ, ಸಣ್ಣ ಅಲಗು, ಉಸಿರು ಬಿಗಿಹಿಡಿದು ಮೂರು ಸಲ ತೆಗೆದು ಹಾಕಿದರು. 0.9ಕ್ಕೆ ಬಂತು. ವಯಸ್ಸು ಎಪ್ಪತ್ತರ ಹತ್ತಿರ, ಲೋಟ ಹಿಡಿದರೆ ಕೈ ನಡುಗುತ್ತದೆ, ಚಿಮಟ ಹಿಡಿದರೆ ಇಲ್ಲ.

ಬ್ಯಾಲೆನ್ಸ್ ಬೇರೆ ವಾಚಿನದು ಎಂದು ವಿವರಣೆಯಲ್ಲಿ ಬರೆದೆ. ಕೊಹಿನೂರಿಗೆ ಅಳಿಸಿಹೋದ ಗೆರೆಗಳ ಫೋಟೋವನ್ನೇ ಎರಡನೆಯದಾಗಿ ಹಾಕಿ, ಶುಚಿ ಮಾಡುವಾಗ ಮಾರುವವನ ಕೈಯಿಂದ ಹೋಯಿತು ಎಂದು ಬರೆದೆ.

ಮಾರ್ಚ್ 10ರಂದು ಅಮೆರಿಕದಲ್ಲಿ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ. ಅವರ ಸಂಜೆ ಆರು ಇನ್ನು ನಮಗೆ ಏಳೂವರೆ ಅಲ್ಲ, ಆರೂವರೆ. ಸೋಮವಾರ 11ಕ್ಕೆ ಆ ಹೊತ್ತಿಗೇ ನಿಗದಿ ಮಾಡಿದೆ.

ಮಾರ್ಚ್ 18

ಜನತಾ 24.50, ಕೊಹಿನೂರ್ 19.50. ಕೊಹಿನೂರ್ ಹೋದದ್ದು ಜರ್ಮನಿಗೆ. ಕೊಂಡವರಿಗೆ ಯಂತ್ರ ಮತ್ತು ಕೇಸು ಬೇಕಿತ್ತಂತೆ, ಒಳ್ಳೆಯ ಡಯಲ್ ಅವರಲ್ಲೇ ಇದೆ. ಯುರೋಪಿಯನ್ ಒಕ್ಕೂಟಕ್ಕೆ ಹೋಗುವ 150 ಯೂರೊ ಒಳಗಿನ ಮಾಲಿಗೆ ಈಬೇಯೇ ವ್ಯಾಟ್ ವಸೂಲಿ ಮಾಡಿ, ತೆರಿಗೆ ಮೊದಲೇ ವಸೂಲಾಗಿದೆ ಎಂದು ತೋರಿಸುವ ಐಒಎಸ್‌ಎಸ್ ಸಂಖ್ಯೆ ಕೊಡುತ್ತದೆ. ಅದನ್ನು ಅಂಚೆಯ ದಾಖಲೆಯಲ್ಲಿ ಸೇರಿಸದಿದ್ದರೆ ಅಲ್ಲಿ ಕೊಂಡವನಿಂದ ಮತ್ತೊಮ್ಮೆ ತೆರಿಗೆ ಕೇಳುತ್ತಾರೆ. ಕೌಂಟರಿನಲ್ಲಿ ನಿಂತು ಆ ಸಂಖ್ಯೆ ಏರಿದ್ದನ್ನು ಕಣ್ಣಾರೆ ನೋಡಿಯೇ ಬಂದೆ.

ಕೊಹಿನೂರಿನಲ್ಲಿ ಉಳಿದದ್ದು 460.

ಏಪ್ರಿಲ್ 10

ಯುಗಾದಿಯ ಮಾರನೇ ದಿನ ಮೂರನೇ ಜನತಾ ಕೊಂಡವರಿಂದ ಸಂದೇಶ. ವಾಚು ದಿನಕ್ಕೆ ಇಪ್ಪತ್ತು ನಿಮಿಷ ಮುಂದೋಡುತ್ತಿದೆ, ವಾಪಸ್ ಮಾಡಲೇ ಎಂದು. ಇಲ್ಲಿ ಹೊರಟಾಗ ದಿನಕ್ಕೆ 12 ಸೆಕೆಂಡ್ ಇತ್ತು. ಇಷ್ಟು ಓಡುವುದೆಂದರೆ ಬಹಳ ಮಟ್ಟಿಗೆ ಹೇರ್ ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಅಂಟಿವೆ, ದಾರಿಯಲ್ಲಿ ಎಲ್ಲೋ ಕಾಂತ ಹಿಡಿದಿದೆ. ವಾಚನ್ನು ದಿಕ್ಸೂಚಿಯ ಹತ್ತಿರ ತನ್ನಿ, ಮುಳ್ಳು ಅಲುಗುತ್ತದೆಯೇ ನೋಡಿ ಎಂದು ಬರೆದೆ. ಅಲುಗಿತು. ವಾಪಸ್ ತರಿಸಿದರೆ ಅಂಚೆಯೇ ಲಾಭವನ್ನು ತಿಂದು ಹಾಕುತ್ತದೆ. ನಿಮ್ಮೂರಿನ ವಾಚ್ ಅಂಗಡಿಯಲ್ಲಿ ಕಾಂತ ತೆಗೆಸಿ, ನಾನು 10 ಡಾಲರ್ ಹಿಂದಿರುಗಿಸುತ್ತೇನೆ ಎಂದೆ. ಒಪ್ಪಿದರು. ಎರಡು ದಿನ ಬಿಟ್ಟು ಸರಿಯಾಗಿದೆ ಎಂದು ಒಳ್ಳೆಯ ಅಭಿಪ್ರಾಯವನ್ನೂ ಬರೆದರು. ಆ ವಾಚಿನಲ್ಲಿ ಉಳಿದದ್ದು 20 ರೂಪಾಯಿ.

ದಾರಿಯಲ್ಲಿ ಹಿಡಿಯಿತೋ, ಇಲ್ಲಿ ನನ್ನ ಕಾಂತದ ಸ್ಕ್ರೂಡ್ರೈವರಿನಿಂದಲೇ ಶುರುವಾಗಿತ್ತೋ ಹೇಳಲಾರೆ. ಮೇಜಿನಿಂದ ಆ ಸ್ಕ್ರೂಡ್ರೈವರ್ ತೆಗೆದೆ. ಕಾಂತ ತೆಗೆಯುವ ಸಣ್ಣ ನೀಲಿ ಪೆಟ್ಟಿಗೆ ಒಂದು ತರಿಸಿದೆ.

ಏಪ್ರಿಲ್ 14

ಪೂರ್ತಿ ಲೆಕ್ಕ. ಮೊದಲ ಜನತಾ 272 ನಷ್ಟ. ಪೈಲಟ್ 3,105, ಹಿಂದಿ ಜನತಾ 2,239, ಮೂರನೇ ಜನತಾ 20, ಬೆಳ್ಳಿ ಕೊಹಿನೂರ್ 460. ಬಿಡಿಭಾಗವಾದ ನೀಲಿಯ 600, ಮಾರದ ಕಾಂಚನ್‌ನ 600 ಕಳೆದರೆ ಉಳಿದದ್ದು 4,352. ಫೋಟೋ, ಬರವಣಿಗೆ, ಅಂಚೆಯ ಓಡಾಟ ಸೇರಿ 40 ಗಂಟೆ. ಗಂಟೆಗೆ 109. ಟೈಮ್‌ಗ್ರಾಫರ್ ಹಿಂದಿನ ವರ್ಷ ಕೊಂಡದ್ದು, ಇದರಲ್ಲಿ ಹಿಡಿದಿಲ್ಲ.

ಹಿಂದಿ ಜನತಾ ಮತ್ತು ಪೈಲಟ್ ಎರಡನ್ನೇ ತೆಗೆದುಕೊಂಡರೆ ಹನ್ನೆರಡು ಗಂಟೆಯ ಮೇಜಿನ ಕೆಲಸಕ್ಕೆ 5,344. ಉಳಿದವೆಲ್ಲ ಸೇರಿ ಅದರಲ್ಲಿ ಸಾವಿರದಷ್ಟನ್ನು ತಿಂದಿವೆ. ಮುಂದಿನ ಸಲ ಬಜಾರಿನಲ್ಲಿ ಡಬ್ಬಿ ಸಮೇತ ಎತ್ತುವುದಿಲ್ಲ. ಕಣ್ಣುಗಾಜು ಜೇಬಿನಲ್ಲಿಟ್ಟುಕೊಂಡು ಹೋಗಿ, ಅಚ್ಚಿನ ಅಂಚು ನೋಡಿ, ಇಬ್ಬರಿಗೆ ಬೇಕಾಗುವಂಥದನ್ನು ಒಂದಕ್ಕೆ ಸಾವಿರ ಕೊಟ್ಟಾದರೂ ತರುತ್ತೇನೆ. ಬಣ್ಣ ಬಳಿದದ್ದನ್ನು ಇನ್ನೂರಕ್ಕೆ ಕೊಟ್ಟರೆ, ಬಿಡಿಭಾಗಕ್ಕೆಂದು ಮಾತ್ರ.

ನೀಲಿ ಡಯಲನ್ನು ಅಮ್ಮ ಬಿಸಾಡಲು ಬಿಡಲಿಲ್ಲ. ಪಕ್ಕದ ಮನೆಯ ಹುಡುಗ ಕೆಲಸ ಕಲಿಯಲು ಬರುತ್ತೇನೆ ಅಂದಿದ್ದಾನೆ, ಅವನಿಗೆ ಅಸಲಿ ನಕಲಿ ತೋರಿಸಲು ಬೇಕಂತೆ. ಕಾಂಚನ್‌ಗೆ ತಾರೀಖಿನ ಚಕ್ರ ಸಿಕ್ಕಿದೆ ಎಂದು ಚಿಕ್ಕಪೇಟೆಯಿಂದ ಮಧ್ಯಾಹ್ನ ಫೋನ್ ಬಂತು. ಅಮ್ಮ ಆಗಲೇ ಬಿಳಿ ಬಟ್ಟೆ ಹಾಸಿದ್ದಾರೆ.